ದೊಡ್ಡ ನಾಯಿಗೆ ಮನೆ ಕೊಡುವ ಮುನ್ನ

ಸ್ವಿಟ್ಜರ್ಲೆಂಡ್ ದೇಶದಲ್ಲಿ, ಇಟಲಿಯ ಗಡಿಗೆ ಹೊಂದಿಕೊಂಡಂತೆ, ಸುಮಾರು 2,469 ಮೀಟರ್ ಎತ್ತರದಲ್ಲಿ ಒಂದು ಘಟ್ಟದ ದಾರಿಯಿದೆ. 11ನೇ ಶತಮಾನದಲ್ಲಿ ಸಂತ ಬರ್ನಾರ್ಡರು ದಾರಿಹೋಕರಿಗಾಗಿ ಅಲ್ಲಿ ಒಂದು ಆಶ್ರಯಧಾಮವನ್ನು ಸ್ಥಾಪಿಸಿದರು. ಹಿಮದಲ್ಲಿ ಸಿಲುಕಿದವರನ್ನು ಹುಡುಕಲು ಅಲ್ಲಿನ ಅಗಸ್ಟೀನಿಯನ್ ಸಭೆಯ ಗುರುಗಳಿಗೆ ನೆರವಾದುದು ಅವರೇ ಸಾಕಿದ ದೊಡ್ಡ ನಾಯಿಗಳು. 1800ರಲ್ಲಿ ಹುಟ್ಟಿ 1814ರಲ್ಲಿ ಸತ್ತ ‘ಬ್ಯಾರಿ’ ಎಂಬ ನಾಯಿ 40ಕ್ಕೂ ಹೆಚ್ಚು ಮಂದಿಯ ಪ್ರಾಣ ಉಳಿಸಿತೆಂದು ಪ್ರತೀತಿ. ‘ಸೇಂಟ್ ಬರ್ನಾರ್ಡ್’ ತಳಿಗೆ ಆ ಹೆಸರು ಬಂದುದು ಅದೇ ಘಟ್ಟದಿಂದ.

ಜನರ ಪ್ರಾಣ ಉಳಿಸಿದ ತಳಿಯ ನಾಯಿಗಳೇ ಇಂದು ನಮ್ಮ ದೇಶದಲ್ಲಿ ಬೀದಿಪಾಲಾಗುವುದನ್ನು ಕಾಣುತ್ತಿದ್ದೇವೆ. ಸೇಂಟ್ ಬರ್ನಾರ್ಡ್, ಗ್ರೇಟ್ ಡೇನ್, ಲ್ಯಾಬ್ರಡಾರ್ ಮರಿಗಳನ್ನು ಮುದ್ದಾಗಿವೆ ಎಂದು ಹಣ ಕೊಟ್ಟು ತರುತ್ತೇವೆ. ವರ್ಷ ಕಳೆಯುವಷ್ಟರಲ್ಲಿ ಮರಿ ದೈತ್ಯನಾಗಿ ಬೆಳೆಯುತ್ತದೆ. ಮನೆಯವರು ಗಲ್ಫಿಗೆ ಹೊರಡುತ್ತಾರೆ, ಇಲ್ಲವೇ ಫ್ಲ್ಯಾಟಿನ ಮಾಲೀಕರು ಆಕ್ಷೇಪಿಸುತ್ತಾರೆ. ಕೊನೆಗೆ ನಾಯಿ ಪ್ರಾಣಿ ಆಶ್ರಯತಾಣಕ್ಕೆ ಅಥವಾ ರಸ್ತೆ ಬದಿಗೆ ಬರುತ್ತದೆ. ಇಂತಹ ನಾಯಿಯೊಂದನ್ನು ದತ್ತು ಪಡೆಯುವುದು ನಿಜಕ್ಕೂ ಕರುಣೆಯ ಕಾರ್ಯ. ಆದರೆ ಒಮ್ಮೆ ಕೈಬಿಟ್ಟ ಜೀವವನ್ನು ಎರಡನೇ ಬಾರಿ ಕೈಬಿಡುವಂತೆ ಆಗಬಾರದು. ಆದುದರಿಂದ ಮನೆಗೆ ತರುವ ಮುನ್ನವೇ ಕೆಲವು ವಿಷಯಗಳನ್ನು ತಿಳಿದಿರುವುದು ಒಳಿತು.

ಧರ್ಮಸಭೆ ಏನು ಹೇಳುತ್ತದೆ?

ಪ್ರಾಣಿಗಳನ್ನು ಅನಗತ್ಯವಾಗಿ ನರಳಿಸುವುದು ಮನುಷ್ಯನ ಘನತೆಗೆ ತಕ್ಕುದಲ್ಲ ಎಂದು ಕಥೋಲಿಕ ಧರ್ಮಸಭೆಯ ಧರ್ಮೋಪದೇಶ ಗ್ರಂಥದ 2418ನೇ ಪರಿಚ್ಛೇದ ಬೋಧಿಸುತ್ತದೆ. ಬಡವರ ಸಂಕಟಕ್ಕೆ ಮೊದಲು ಸಲ್ಲಬೇಕಾದ ಹಣವನ್ನು ಪ್ರಾಣಿಗಳಿಗಾಗಿ ಸುರಿಯುವುದೂ ಸರಿಯಲ್ಲ ಎಂಬ ಎಚ್ಚರಿಕೆಯೂ ಅಲ್ಲೇ ಇದೆ. ಈ ಎರಡನ್ನೂ ಒಟ್ಟಿಗೆ ನೆನಪಿಡೋಣ. ಪ್ರತಿಷ್ಠೆಗಾಗಿ ದುಬಾರಿ ಮರಿ ಕೊಳ್ಳುವ ಬದಲು, ಈಗಾಗಲೇ ಹುಟ್ಟಿ ನೆಲೆಯಿಲ್ಲದೆ ನರಳುತ್ತಿರುವ ಒಂದು ಜೀವಕ್ಕೆ ನಮ್ಮ ಶಕ್ತಿಯೊಳಗೆ ಆಸರೆ ಕೊಡುವುದು ಈ ಬೋಧನೆಗೆ ಹತ್ತಿರವಾದ ನಡತೆ.

ಮೊದಲು ಕೇಳಿಕೊಳ್ಳಬೇಕಾದ ಪ್ರಶ್ನೆಗಳು

1. ನೋಡಿಕೊಳ್ಳುವವರು ಯಾರು? ಬೆಳೆದ ಸೇಂಟ್ ಬರ್ನಾರ್ಡ್ 55ರಿಂದ 80 ಕಿಲೋ ತೂಗುತ್ತದೆ. ಎಷ್ಟೇ ಸಾಧುವಾಗಿದ್ದರೂ ಬೆಕ್ಕನ್ನು ಕಂಡು ಒಮ್ಮೆ ಜಗ್ಗಿದರೆ ವಯಸ್ಸಾದವರು ಬೀಳುತ್ತಾರೆ, ಸೊಂಟದ ಮೂಳೆ ಮುರಿಯಬಹುದು. ಮಕ್ಕಳೆಲ್ಲ ಹೊರದೇಶದಲ್ಲಿದ್ದು ಹಿರಿಯರಿಬ್ಬರೇ ಇರುವ ಮನೆಗೆ ಇಂತಹ ನಾಯಿ ಸೂಕ್ತವಲ್ಲ.

2. ಖರ್ಚು ಭರಿಸಬಲ್ಲೆವೇ? ಆಹಾರ ಮಾತ್ರವಲ್ಲ, ಜಂತುಹುಳದ ಔಷಧಿ, ಉಣ್ಣಿಯ ಔಷಧಿ, ಅರಿವಳಿಕೆ ಎಲ್ಲವನ್ನೂ ನಾಯಿಯ ತೂಕಕ್ಕೆ ತಕ್ಕಂತೆ ಕೊಡಬೇಕಾಗುತ್ತದೆ. ನಾಯಿ ದೊಡ್ಡದಾದಷ್ಟೂ ಖರ್ಚು ಏರುತ್ತದೆ.

3. ಅಗಲಿಕೆಗೆ ಸಿದ್ಧರಿದ್ದೇವೆಯೇ? ದೊಡ್ಡ ತಳಿಗಳ ಆಯಸ್ಸು ಕಡಿಮೆ. ಗ್ರೇಟ್ ಡೇನ್ ಸಾಮಾನ್ಯವಾಗಿ 7ರಿಂದ 10 ವರ್ಷ ಬದುಕುತ್ತದೆ. ಐದು ವರ್ಷದ ನಾಯಿಯನ್ನು ದತ್ತು ಪಡೆದರೆ ಅದರ ಮುಪ್ಪು, ಕಾಲುನೋವು ಬೇಗನೆ ನಮ್ಮ ಪಾಲಿಗೆ ಬರುತ್ತವೆ. ಮಕ್ಕಳಿಗೂ ಇದನ್ನು ಮೊದಲೇ ಹೇಳಬೇಕು.

ನಮ್ಮ ಕರಾವಳಿಯ ಸೆಕೆ

ನಾಯಿಗೆ ನಮ್ಮಂತೆ ಮೈಯೆಲ್ಲ ಬೆವರುವುದಿಲ್ಲ. ಏದುಸಿರು ಬಿಡುವಾಗ ಬಾಯಿ, ನಾಲಗೆಯ ತೇವ ಆರುವುದರಿಂದಲೇ ಅದರ ದೇಹ ತಂಪಾಗುತ್ತದೆ. ನಮ್ಮ ಗಾಳಿಯಲ್ಲಿ ತೇವಾಂಶ ಹೆಚ್ಚಿರುವುದರಿಂದ ಆ ತೇವ ಬೇಗ ಆರುವುದಿಲ್ಲ. ಹಾಗಾಗಿ ಮಾರ್ಚ್‌ನಿಂದ ಮೇವರೆಗೆ ದಪ್ಪ ಕೂದಲಿನ ನಾಯಿಗೆ ನಮ್ಮ ಊರು ಅಪಾಯದ ಊರು. ನಡೆದಾಡಿಸುವುದು ಬೆಳಗ್ಗಿನ ಪೂಜೆಗೆ ಮುಂಚೆ ಅಥವಾ ಕತ್ತಲಾದ ಮೇಲೆ ಮಾತ್ರ. ಮನೆಯೊಳಗೆ ತಂಪಾದ ನೆಲ, ಫ್ಯಾನು, ಸದಾ ನೀರು ಬೇಕು. ತಗಡಿನ ಶೆಡ್ಡಿನಲ್ಲಿ ಕಟ್ಟಿ ಹಾಕುವುದಾದರೆ ತರುವುದೇ ಬೇಡ. ನಾಯಿ ವಿಪರೀತ ಏದುಸಿರು ಬಿಡುತ್ತಾ ತೂರಾಡಿದರೆ ಮೈಗೆ ನೀರು ಸುರಿದು, ಗಾಳಿ ಹಾಕುತ್ತಾ ತಕ್ಷಣ ಪಶುವೈದ್ಯರಲ್ಲಿಗೆ ಒಯ್ಯಬೇಕು.

ಆರೋಗ್ಯ ಮತ್ತು ಆಹಾರ

ಮನೆಗೆ ಬರುವ ದಿನವೇ ಪಶುವೈದ್ಯರ ತಪಾಸಣೆ ಆಗಲಿ. ಹಳೆಯ ಲಸಿಕೆ ಪುಸ್ತಕ ಇಲ್ಲದಿದ್ದರೆ ರೇಬಿಸ್ ಲಸಿಕೆಯನ್ನು ಹೊಸದಾಗಿ ಕೊಡಿಸಬೇಕು. ಇಲಿಜ್ವರ ನಮ್ಮಲ್ಲಿ ಮಳೆಗಾಲದ ಕಾಯಿಲೆ. ಅದು ನಾಯಿಗೂ ಬರುತ್ತದೆ, ನಾಯಿಯ ಮೂತ್ರದಿಂದ ಮನುಷ್ಯರಿಗೂ ತಗಲಬಹುದು. ಅದಕ್ಕೂ ಲಸಿಕೆಯಿದೆ. ಸಂತಾನಹರಣ ಶಸ್ತ್ರಚಿಕಿತ್ಸೆಯ ಬಗ್ಗೆಯೂ ವೈದ್ಯರಲ್ಲಿ ವಿಚಾರಿಸಬೇಕು.

ಎದೆ ಆಳವಾಗಿರುವ ದೊಡ್ಡ ನಾಯಿಗಳಲ್ಲಿ ಹೊಟ್ಟೆ ಉಬ್ಬಿ ತಿರುಚಿಕೊಳ್ಳುವ ಒಂದು ಕಾಯಿಲೆಯಿದೆ. ಹೊಟ್ಟೆ ಊದಿರುತ್ತದೆ, ವಾಂತಿಗೆ ಪ್ರಯತ್ನಿಸಿದರೂ ಏನೂ ಬರುವುದಿಲ್ಲ, ಜೊಲ್ಲು ಸುರಿಯುತ್ತದೆ. ಕೆಲವೇ ಗಂಟೆಗಳಲ್ಲಿ ಶಸ್ತ್ರಚಿಕಿತ್ಸೆ ಆಗದಿದ್ದರೆ ನಾಯಿ ಉಳಿಯುವುದಿಲ್ಲ. ಬೆಳಗಾಗಲಿ ಎಂದು ಕಾಯಬಾರದು. ಒಂದೇ ಹೊತ್ತಿಗೆ ಹೊಟ್ಟೆ ಬಿರಿಯುವಷ್ಟು ಹಾಕುವ ಬದಲು ದಿನಕ್ಕೆ ಎರಡು ಮೂರು ಸಲ ಹಂಚಿ ಕೊಡುವುದು, ಊಟದ ಬೆನ್ನಿಗೇ ಓಡಿಸದಿರುವುದು ಒಳ್ಳೆಯ ರೂಢಿ.

ಕ್ರಿಸ್ಮಸ್ ದಿನಗಳಲ್ಲಿ ವಿಶೇಷ ಎಚ್ಚರ ಬೇಕು. ಕೇಕಿನಲ್ಲಿರುವ ಒಣದ್ರಾಕ್ಷಿ ನಾಯಿಯ ಮೂತ್ರಪಿಂಡವನ್ನೇ ಕೆಡಿಸಬಲ್ಲುದು. ಚಾಕೊಲೇಟ್, ಈರುಳ್ಳಿ, ಬೆಳ್ಳುಳ್ಳಿ ಕೂಡ ವಿಷವೇ. ಬೇಯಿಸಿದ ಕೋಳಿ ಮೂಳೆ ಸೀಳಿ ಗಂಟಲು, ಕರುಳಿಗೆ ಚುಚ್ಚುತ್ತದೆ. ಹಬ್ಬದ ಕೋಳಿಸಾರಿನ ಉಳಿಕೆಯನ್ನು ಅದರ ತಟ್ಟೆಗೆ ಸುರಿಯುವುದು ಪ್ರೀತಿಯಂತೆ ಕಂಡರೂ ಅದರಿಂದ ಕೇಡೇ ಹೆಚ್ಚು.

ಮೊದಲ ದಿನಗಳು

ಹೊಸ ಮನೆಗೆ ಒಗ್ಗುವುದಕ್ಕೆ ಮೂರು ದಿನ, ಮೂರು ವಾರ, ಮೂರು ತಿಂಗಳು ಎಂಬ ಲೆಕ್ಕವೊಂದನ್ನು ಆಶ್ರಯತಾಣದವರು ಹೇಳುತ್ತಾರೆ. ಮೊದಲ ಮೂರು ದಿನ ಹೆದರಿಕೆ, ಮೂರು ವಾರದಲ್ಲಿ ಮನೆಯ ಕ್ರಮದ ಪರಿಚಯ, ಮೂರು ತಿಂಗಳಲ್ಲಿ ಇದು ತನ್ನ ಮನೆ ಎಂಬ ನಂಬಿಕೆ. ಮೊದಲ ವಾರ ನೆರೆಕರೆಯವರನ್ನೆಲ್ಲ ಕರೆದು ತೋರಿಸುವುದು ಬೇಡ. ಎಷ್ಟೇ ಸಾಧು ನಾಯಿಯಾದರೂ ಪುಟ್ಟ ಮಕ್ಕಳೊಂದಿಗೆ ಒಂಟಿಯಾಗಿ ಬಿಡಬಾರದು. ಉಣ್ಣುವಾಗ, ಮಲಗಿದಾಗ ಮುಟ್ಟಬಾರದೆಂದು ಮಕ್ಕಳಿಗೆ ಕಲಿಸಬೇಕು. ಕಚ್ಚಿದರೆ ಅಥವಾ ಪರಚಿದರೆ ಗಾಯವನ್ನು ಸೋಪು ಹಾಕಿ ಹರಿಯುವ ನೀರಿನಲ್ಲಿ 15 ನಿಮಿಷ ತೊಳೆದು ಕೂಡಲೇ ಆಸ್ಪತ್ರೆಗೆ ಹೋಗಬೇಕು. ರೇಬಿಸ್ ಲಕ್ಷಣ ಕಾಣಿಸಿಕೊಂಡ ಮೇಲೆ ರೋಗಿ ಬದುಕುವ ಆಸೆ ಇಲ್ಲವೆನ್ನಬಹುದು.

ಕಾನೂನಿನ ಮಾತು

1960ರ ಪ್ರಾಣಿ ಹಿಂಸೆ ತಡೆ ಕಾಯಿದೆಯ 11ನೇ ಕಲಮಿನಂತೆ ಪ್ರಾಣಿಯನ್ನು ಹಸಿವು, ಬಾಯಾರಿಕೆಯಿಂದ ನರಳುವಂತೆ ತೊರೆದು ಹೋಗುವುದು ಅಪರಾಧ. ಅತಿ ಗಿಡ್ಡ ಅಥವಾ ಭಾರವಾದ ಸರಪಳಿಯಲ್ಲಿ ದೀರ್ಘ ಕಾಲ ಕಟ್ಟಿಹಾಕುವುದೂ ಅಪರಾಧವೇ. ಇನ್ನೊಬ್ಬರಿಂದ ನಾಯಿ ಪಡೆಯುವಾಗ ಲಸಿಕೆ ಪುಸ್ತಕದೊಂದಿಗೆ, ಸ್ವಇಚ್ಛೆಯಿಂದ ಕೊಡುತ್ತಿದ್ದೇವೆ ಎಂಬ ಬರಹವನ್ನೂ ಕೇಳಿ ಪಡೆಯಿರಿ.

ದತ್ತು ಪಡೆಯಲಾಗದವರು

ಎಲ್ಲರಿಗೂ ಇದು ಸಾಧ್ಯವಾಗದು, ಸಾಧ್ಯವಿಲ್ಲ ಎಂದು ಪ್ರಾಮಾಣಿಕವಾಗಿ ಹೇಳುವುದೂ ಒಳ್ಳೆಯದೇ. ವಾರಕ್ಕೊಮ್ಮೆ ಆಶ್ರಯತಾಣಕ್ಕೆ ಹಳೆಯ ಬೆಡ್‌ಶೀಟು, ಅಕ್ಕಿ ತಲಪಿಸಬಹುದು. ವಾಳೆಯ ಕೂಟದಲ್ಲಿ ಈ ವಿಷಯ ಪ್ರಸ್ತಾಪಿಸಬಹುದು. ಊರಿಗೆ ಮರಳದ ಕುಟುಂಬವೊಂದು ಬಿಟ್ಟುಹೋದ ನಾಯಿ ಪಕ್ಕದ ಮನೆಯ ಗೇಟಿನಲ್ಲಿ ಕಾಯುತ್ತಿದ್ದರೆ, ಅದಕ್ಕೊಂದು ನೆಲೆ ಸಿಗುವವರೆಗೆ ನೀರು ಅನ್ನ ಇಡಬಹುದು.

ಅಕ್ಟೋಬರ್ 4ರಂದು ಅಸ್ಸಿಸಿಯ ಸಂತ ಫ್ರಾನ್ಸಿಸರ ಹಬ್ಬ. ಆ ದಿನ ಸಾಕುಪ್ರಾಣಿಗಳನ್ನು ಆಶೀರ್ವದಿಸುವ ಪದ್ಧತಿ ಹಲವು ದೇಶಗಳ ಚರ್ಚುಗಳಲ್ಲಿದೆ. ಆ ಹಬ್ಬದೊಳಗೆ ನಮ್ಮಲ್ಲಿ ಒಂದೆರಡು ಕುಟುಂಬಗಳಾದರೂ ಮೇಲಿನ ಪ್ರಶ್ನೆಗಳಿಗೆ ಮನೆಮಂದಿಯೆಲ್ಲ ಕೂಡಿ ಉತ್ತರ ಕಂಡುಕೊಂಡು, ಕೊನೆಯವರೆಗೂ ನೋಡಿಕೊಳ್ಳುವೆವೆಂಬ ನಿರ್ಧಾರದಿಂದ ಒಂದು ನಾಯಿಗೆ ಬಾಗಿಲು ತೆರೆಯಲಿ ಎಂಬುದು ನಮ್ಮ ಹಾರೈಕೆ.