ಕಪಾಟಿನಲ್ಲಿದ್ದೂ ಕಾಣದ ಪುಸ್ತಕ: ಗ್ರಾಮ ಪಂಚಾಯತಿ ಗ್ರಂಥಾಲಯದಲ್ಲಿ ಪುಸ್ತಕಗಳ ಸೂಚೀಕರಣ

(ಗ್ರಾಮ ಪಂಚಾಯತಿಗಳ ಮಾನ್ಯ ಸದಸ್ಯರ ಅವಗಾಹನೆಗಾಗಿ)

ರಾಜ್ಯದ ಗ್ರಾಮೀಣ ಗ್ರಂಥಾಲಯಗಳ ಆಡಳಿತವು 2019ರಲ್ಲಿ ಸಾರ್ವಜನಿಕ ಗ್ರಂಥಾಲಯ ಇಲಾಖೆಯಿಂದ ಗ್ರಾಮೀಣಾಭಿವೃದ್ಧಿ ಮತ್ತು ಪಂಚಾಯತ್ ರಾಜ್ ಇಲಾಖೆಗೆ ವರ್ಗಾವಣೆಗೊಂಡಿತು. ಅಂದಿನಿಂದ ಗ್ರಂಥಾಲಯದ ಕಟ್ಟಡ, ಪೀಠೋಪಕರಣ ಮತ್ತು ಪುಸ್ತಕಗಳ ವಿಚಾರವು ಗ್ರಾಮ ಪಂಚಾಯತಿಯ ಸಭೆಗಳಲ್ಲಿ ಚರ್ಚೆಗೆ ಬರುತ್ತಿದೆ. ಎಷ್ಟು ಪುಸ್ತಕಗಳಿವೆ ಎಂಬ ಪ್ರಶ್ನೆಗೆ ಉತ್ತರ ಸಾಮಾನ್ಯವಾಗಿ ದೊರೆಯುತ್ತದೆ. ಕೇಳಿದ ಪುಸ್ತಕ ಓದುಗನ ಕೈಗೆ ಸಿಗುತ್ತದೆಯೇ ಎಂಬ ಪ್ರಶ್ನೆ ಮಾತ್ರ ಅಪರೂಪಕ್ಕೆ ಏಳುತ್ತದೆ. ಈ ಎರಡನೆಯ ಪ್ರಶ್ನೆಗೆ ಉತ್ತರ ಕೊಡಬಲ್ಲ ಸಾಧನವೇ ಗ್ರಂಥಾಲಯದ ಸೂಚಿ. ಪ್ರತಿಯೊಂದು ಪುಸ್ತಕದ ವಿವರವನ್ನು ನಿಯಮಬದ್ಧವಾಗಿ ಬರೆದು ಸೂಚಿಯನ್ನು ಸಿದ್ಧಪಡಿಸುವ ಕೆಲಸಕ್ಕೆ ಸೂಚೀಕರಣವೆಂದು ಹೆಸರು.

ವಹಿ ಬೇರೆ, ಸೂಚಿ ಬೇರೆ

ಒಬ್ಬ ರೈತ ಗ್ರಂಥಾಲಯಕ್ಕೆ ಬಂದು ಜೇನು ಸಾಕಣೆಯ ಪುಸ್ತಕ ಕೇಳುತ್ತಾನೆ ಎಂದಿಟ್ಟುಕೊಳ್ಳಬಹುದು. ಮೇಲ್ವಿಚಾರಕರು ಎರಡು ಕಪಾಟುಗಳನ್ನು ಹುಡುಕಿ, ಇಲ್ಲವೆಂದು ಹೇಳಿ ಕಳುಹಿಸುತ್ತಾರೆ. ಪುಸ್ತಕವಾದರೋ ಮೂರನೆಯ ಕಪಾಟಿನಲ್ಲಿ, ಕಥಾಸಂಕಲನಗಳ ನಡುವೆ ಇರುತ್ತದೆ. ಅಕ್ಸೆಷನ್ ರಿಜಿಸ್ಟರ್ ಎಂದು ಬಳಕೆಯಲ್ಲಿರುವ ಪರಿಗ್ರಹಣ ವಹಿಯಲ್ಲಿಯೂ ಅದಕ್ಕೊಂದು ಸಂಖ್ಯೆ ಇರುತ್ತದೆ. ಲೆಕ್ಕ ಪರಿಶೋಧಕರ ಮಟ್ಟಿಗೆ ಆ ಪುಸ್ತಕ ಇದೆ. ರೈತನ ಮಟ್ಟಿಗೆ ಇಲ್ಲ.

ಪರಿಗ್ರಹಣ ವಹಿಯು ಪುಸ್ತಕಗಳನ್ನು ಬಂದ ಕ್ರಮದಲ್ಲಿ ದಾಖಲಿಸುವ ಆಸ್ತಿಯ ಲೆಕ್ಕ. ಯಾವ ದಿನ ಬಂತು, ಎಲ್ಲಿಂದ ಬಂತು, ಬೆಲೆ ಎಷ್ಟು ಎಂಬುದನ್ನು ಅದು ತಿಳಿಸುತ್ತದೆ. ಸೂಚಿಯು ಓದುಗನಿಗಾಗಿ ಇರುವಂಥದು. ಲೇಖಕನ ಹೆಸರು ತಿಳಿದವನಿಗೆ, ಶೀರ್ಷಿಕೆ ಮಾತ್ರ ನೆನಪಿರುವವನಿಗೆ, ಎರಡೂ ತಿಳಿಯದೆ ವಿಷಯವನ್ನಷ್ಟೇ ಹೇಳಬಲ್ಲವನಿಗೆ, ಈ ಮೂವರಿಗೂ ಅದು ದಾರಿ ತೋರಿಸಬೇಕು. ಒಂದು ಇನ್ನೊಂದರ ಸ್ಥಾನವನ್ನು ತುಂಬಲಾರದು. ಆದ್ದರಿಂದ ಎರಡೂ ಇರಬೇಕಾದುದು ಅಗತ್ಯ.

ಭಾರತದಲ್ಲಿ ಗ್ರಂಥಾಲಯ ಶಾಸ್ತ್ರಕ್ಕೆ ತಳಹದಿ ಹಾಕಿದ ಡಾ. ಎಸ್.ಆರ್. ರಂಗನಾಥನ್ ಅವರು 1931ರಲ್ಲಿ ಗ್ರಂಥಾಲಯ ಶಾಸ್ತ್ರದ ಐದು ಸೂತ್ರಗಳನ್ನು ಪ್ರಕಟಿಸಿದರು. ಪ್ರತಿ ಓದುಗನಿಗೂ ಅವನಿಗೆ ಬೇಕಾದ ಪುಸ್ತಕ ದೊರೆಯಬೇಕು, ಪ್ರತಿ ಪುಸ್ತಕಕ್ಕೂ ಓದುಗ ದೊರೆಯಬೇಕು, ಓದುಗನ ಸಮಯ ಉಳಿಯಬೇಕು ಎಂಬ ಆಶಯಗಳು ಅವುಗಳಲ್ಲಿ ಸೇರಿವೆ. ಸೂಚೀಕರಣದ ನಿಯಮಗಳಿಗಾಗಿಯೇ ಅವರು 1934ರಲ್ಲಿ ಪ್ರತ್ಯೇಕ ಸಂಹಿತೆಯೊಂದನ್ನು ಹೊರತಂದರು. 1962ರಲ್ಲಿ ಬೆಂಗಳೂರಿನಲ್ಲಿ ಈ ಶಾಸ್ತ್ರದ ಸಂಶೋಧನೆ ಮತ್ತು ತರಬೇತಿಯ ಕೇಂದ್ರವನ್ನು ಸ್ಥಾಪಿಸಿದ ಅವರು 1972ರಲ್ಲಿ ಅದೇ ನಗರದಲ್ಲಿ ನಿಧನರಾದರು. ದೊಡ್ಡ ವಿಶ್ವವಿದ್ಯಾಲಯಗಳಿಗೆ ಅನ್ವಯಿಸುವ ಆ ಆಶಯಗಳು ಒಂದು ಕೊಠಡಿಯ ಗ್ರಾಮೀಣ ಗ್ರಂಥಾಲಯಕ್ಕೂ ಅಷ್ಟೇ ಅನ್ವಯಿಸುತ್ತವೆ.

ವಿವರವನ್ನು ಎಲ್ಲಿಂದ ಪಡೆಯಬೇಕು

ಸೂಚೀಕರಣದ ಮೊದಲ ನಿಯಮವೆಂದರೆ ಪುಸ್ತಕವನ್ನು ತೆರೆದು ನೋಡುವುದು. ರಕ್ಷಾಪುಟದ ಮೇಲಿನ ಹೆಸರು ಕೆಲವೊಮ್ಮೆ ಅಂದಕ್ಕಾಗಿ ಮೊಟಕಾಗಿರುತ್ತದೆ. ಒಳಗಿನ ಶೀರ್ಷಿಕೆ ಪುಟದಲ್ಲಿ ಶೀರ್ಷಿಕೆ, ಉಪಶೀರ್ಷಿಕೆ, ಲೇಖಕ, ಸಂಪಾದಕ ಅಥವಾ ಅನುವಾದಕರ ಹೆಸರು ಪೂರ್ಣವಾಗಿರುತ್ತದೆ. ಆದ್ದರಿಂದ ಆ ಪುಟವೇ ಮುಖ್ಯ ಆಧಾರ. ಅದರ ಹಿಂಬದಿಯಲ್ಲಿ ಪ್ರಕಾಶಕರು, ಪ್ರಕಟಣೆಯ ವರ್ಷ, ಮುದ್ರಣ ಮತ್ತು ಐಎಸ್‌ಬಿಎನ್ ಸಂಖ್ಯೆ ಇರುತ್ತವೆ. 2007ರಿಂದ ಈ ಸಂಖ್ಯೆ 13 ಅಂಕಿಗಳದ್ದಾಗಿದ್ದು, ಭಾರತದ ಪುಸ್ತಕಗಳಲ್ಲಿ ಅದು 978-81 ಅಥವಾ 978-93 ಎಂದು ಆರಂಭವಾಗುತ್ತದೆ. ಹಳೆಯ ಕನ್ನಡ ಪುಸ್ತಕಗಳಲ್ಲಿ ಐಎಸ್‌ಬಿಎನ್ ಇಲ್ಲದಿರುವುದು ಸಹಜ. ಅದು ಇಲ್ಲವೆಂಬ ಕಾರಣಕ್ಕೆ ಪುಸ್ತಕವನ್ನು ದಾಖಲಿಸದೆ ಬಿಡಬಾರದು.

ಪುಸ್ತಕದಲ್ಲಿ ಅಚ್ಚಾಗಿರುವುದನ್ನು ಇದ್ದಂತೆಯೇ ಬರೆಯಬೇಕು. ಅಚ್ಚಾಗದೆ ಇದ್ದು ಬೇರೆ ಮೂಲದಿಂದ ತಿಳಿದುಬಂದ ವಿವರವನ್ನು ಚೌಕ ಆವರಣದಲ್ಲಿ ಬರೆಯುವುದು ರೂಢಿ. ವರ್ಷವನ್ನು ಊಹಿಸಿದ್ದರೆ ಆವರಣದೊಳಗೆ ಪ್ರಶ್ನಾರ್ಥಕ ಚಿಹ್ನೆಯನ್ನೂ ಹಾಕಬೇಕು. ಯಾವುದು ಪುಸ್ತಕದ ಮಾತು, ಯಾವುದು ಸೂಚಿಕಾರನ ಮಾತು ಎಂಬುದು ಮುಂದೆ ನೋಡುವವರಿಗೆ ಸ್ಪಷ್ಟವಾಗಿರಬೇಕೆಂಬುದೇ ಇದರ ಉದ್ದೇಶ.

ಒಬ್ಬ ಲೇಖಕ, ಹಲವು ಹೆಸರು

ಕನ್ನಡ ಪುಸ್ತಕಗಳ ಸೂಚಿಯಲ್ಲಿ ಅತಿ ಹೆಚ್ಚು ತೊಡಕು ಉಂಟಾಗುವುದು ಲೇಖಕರ ಹೆಸರಿನಲ್ಲಿ. ಒಂದು ಪುಸ್ತಕವನ್ನು ‘ಕುವೆಂಪು’ ಎಂದೂ, ಇನ್ನೊಂದನ್ನು ‘ಪುಟ್ಟಪ್ಪ, ಕೆ.ವಿ.’ ಎಂದೂ ದಾಖಲಿಸಿದರೆ ಒಬ್ಬರೇ ಲೇಖಕರ ಕೃತಿಗಳು ಎರಡು ಕಡೆ ಹಂಚಿಹೋಗುತ್ತವೆ. ಬೇಂದ್ರೆ ಮತ್ತು ಅಂಬಿಕಾತನಯದತ್ತ ಒಬ್ಬರೇ; ತ್ರಿವೇಣಿ ಮತ್ತು ಅನಸೂಯಾ ಶಂಕರ್ ಒಬ್ಬರೇ. ಓದುಗರಲ್ಲಿ ಹೆಚ್ಚು ಪರಿಚಿತವಾದ ಒಂದು ರೂಪವನ್ನು ಆರಿಸಿ, ಆ ಲೇಖಕರ ಎಲ್ಲ ಪುಸ್ತಕಗಳಿಗೂ ಅದನ್ನೇ ಬಳಸಬೇಕು. ಉಳಿದ ರೂಪಗಳಿಗೆ ‘ಪುಟ್ಟಪ್ಪ, ಕೆ.ವಿ. — ನೋಡಿ: ಕುವೆಂಪು’ ಎಂಬಂತೆ ಒಂದು ಸಾಲಿನ ನಿರ್ದೇಶನವಿದ್ದರೆ ಸಾಕು.

ಹೆಸರಿನ ಹಿಂದಿನ ಅಕ್ಷರಗಳೂ ಗಮನಕ್ಕೆ ಬರಬೇಕು. ‘ಯು.ಆರ್. ಅನಂತಮೂರ್ತಿ’ ಅವರನ್ನು ‘ಯ’ ಅಕ್ಷರದಲ್ಲಿ ಯಾರೂ ಹುಡುಕುವುದಿಲ್ಲ. ‘ಅನಂತಮೂರ್ತಿ, ಯು.ಆರ್.’ ಎಂದು ಬರೆದರೆ ಅವರು ‘ಅ’ ಅಕ್ಷರದಲ್ಲಿ ಸಿಗುತ್ತಾರೆ. ಡಾ., ಪ್ರೊ., ಶ್ರೀ, ಶ್ರೀಮತಿ ಮೊದಲಾದ ಗೌರವಸೂಚಕಗಳನ್ನು ಅಕಾರಾದಿ ಜೋಡಣೆಯಲ್ಲಿ ಗಣಿಸಬಾರದು.

ಆವೃತ್ತಿಯ ವಿವರ ಏಕೆ ಮುಖ್ಯ

ಕಾದಂಬರಿಯ ಮಟ್ಟಿಗೆ ಯಾವ ವರ್ಷದ ಮುದ್ರಣವೆಂಬುದು ಅಷ್ಟಾಗಿ ಬಾಧಿಸದಿರಬಹುದು. ಕಾನೂನು, ಕೃಷಿ, ಸ್ಪರ್ಧಾತ್ಮಕ ಪರೀಕ್ಷೆಗಳ ಪುಸ್ತಕಗಳಲ್ಲಿ ಅದೇ ನಿರ್ಣಾಯಕ. ಸದಸ್ಯರಿಗೆ ನಿತ್ಯ ಬೇಕಾಗುವ ಒಂದು ಉದಾಹರಣೆ ಇಲ್ಲಿ ಸಾಕು. ಕರ್ನಾಟಕ ಪಂಚಾಯತ್ ರಾಜ್ ಅಧಿನಿಯಮ, 1993ಕ್ಕೆ 2015ರಲ್ಲಿ ವ್ಯಾಪಕ ತಿದ್ದುಪಡಿಯಾಗಿ, ಅದರ ಹೆಸರೇ ಕರ್ನಾಟಕ ಗ್ರಾಮ ಸ್ವರಾಜ್ ಮತ್ತು ಪಂಚಾಯತ್ ರಾಜ್ ಅಧಿನಿಯಮ ಎಂದು ಬದಲಾಯಿತು. ಗ್ರಂಥಾಲಯದಲ್ಲಿ 2015ಕ್ಕೆ ಮುಂಚಿನ ಪ್ರತಿ ಮಾತ್ರ ಇದ್ದು, ಸೂಚಿಯಲ್ಲಿ ವರ್ಷ ನಮೂದಾಗದೆ ಇದ್ದರೆ, ಅದನ್ನು ಓದಿದ ಸದಸ್ಯರು ರದ್ದಾದ ಅಥವಾ ಬದಲಾದ ಪ್ರಕರಣವನ್ನು ನಂಬಿ ಸಭೆಯಲ್ಲಿ ಮಾತನಾಡುವ ಸಂಭವವಿದೆ.

ಆವೃತ್ತಿ ಮತ್ತು ಮುದ್ರಣ ಎಂಬ ಪದಗಳ ವ್ಯತ್ಯಾಸವನ್ನೂ ಅರಿತಿರಬೇಕು. ಒಳಗಿನ ವಿಷಯ ಪರಿಷ್ಕೃತವಾಗಿದ್ದರೆ ಅದು ಹೊಸ ಆವೃತ್ತಿ. ಇದ್ದುದನ್ನೇ ಮತ್ತೆ ಅಚ್ಚು ಹಾಕಿದ್ದರೆ ಅದು ಮರುಮುದ್ರಣ. ಈಚಿನ ವರ್ಷದ ಮರುಮುದ್ರಣವೆಂದ ಮಾತ್ರಕ್ಕೆ ಒಳಗಿನ ವಿಷಯ ಹೊಸದೆಂದು ತಿಳಿಯಬಾರದು.

ಶೀರ್ಷಿಕೆಯನ್ನಷ್ಟೇ ನಂಬಿದರೆ

ಪುಸ್ತಕ ಯಾವುದರ ಬಗ್ಗೆ ಇದೆ ಎಂಬುದನ್ನು ಶೀರ್ಷಿಕೆಯಿಂದ ಊಹಿಸುವುದು ಅಪಾಯಕರ. ‘ಗ್ರಾಮಾಯಣ’ ಎಂಬ ಹೆಸರನ್ನು ಕಂಡು ಅದನ್ನು ಪುರಾಣದ ಸಾಲಿನಲ್ಲಿ ಅಥವಾ ಗ್ರಾಮಾಭಿವೃದ್ಧಿಯ ಸಾಲಿನಲ್ಲಿ ಇಡುವುದು ಸುಲಭ. ಅದು ರಾವಬಹಾದ್ದೂರ ಎಂಬ ಕಾವ್ಯನಾಮದಿಂದ ಪ್ರಸಿದ್ಧರಾದ ಲೇಖಕರ ಕಾದಂಬರಿ. ಪರಿವಿಡಿ, ಮುನ್ನುಡಿ ಮತ್ತು ಒಳಗಿನ ಕೆಲವು ಪುಟಗಳನ್ನು ನೋಡಿದ ನಂತರವೇ ವಿಷಯವನ್ನು ನಿರ್ಧರಿಸಬೇಕು.

ವಿಷಯದ ಹೆಸರು ಓದುಗರ ಬಾಯಲ್ಲಿರುವ ಮಾತೇ ಆಗಿರಬೇಕು. ಒಮ್ಮೆ ಆರಿಸಿದ ಮಾತು ಎಲ್ಲೆಡೆ ಒಂದೇ ಆಗಿರಬೇಕು. ಒಂದು ಪುಸ್ತಕಕ್ಕೆ ‘ಜೇನು ಸಾಕಣೆ’, ಮತ್ತೊಂದಕ್ಕೆ ‘ಜೇನು ಕೃಷಿ’ ಎಂದು ಬರೆದರೆ ಮೊದಲು ಹೇಳಿದ ರೈತನಿಗೆ ಅರ್ಧದಷ್ಟು ಪುಸ್ತಕಗಳೇ ಸಿಗುತ್ತವೆ.

ವಿಷಯಕ್ಕೆ ಅನುಗುಣವಾಗಿ ಕಪಾಟಿನಲ್ಲಿ ಜಾಗ ಗೊತ್ತುಪಡಿಸಲು ವರ್ಗ ಸಂಖ್ಯೆ ನೆರವಾಗುತ್ತದೆ. 1876ರಲ್ಲಿ ಮೊದಲು ಪ್ರಕಟವಾದ ಡ್ಯೂಯಿ ದಶಮಾಂಶ ಪದ್ಧತಿಯಲ್ಲಿ ಕೃಷಿಗೆ 630, ಜೇನು ಸಾಕಣೆಗೆ 638.1, ಕನ್ನಡ ಸಾಹಿತ್ಯಕ್ಕೆ 894.814, ಕರ್ನಾಟಕದ ಇತಿಹಾಸಕ್ಕೆ 954.87 ಎಂಬ ಸಂಖ್ಯೆಗಳಿವೆ. ಚಿಕ್ಕ ಗ್ರಂಥಾಲಯಕ್ಕೆ ಉದ್ದನೆಯ ಸಂಖ್ಯೆಗಳ ಅಗತ್ಯವಿಲ್ಲ. ಸೂಚಿಯಲ್ಲಿರುವ ಸಂಖ್ಯೆಯೇ ಪುಸ್ತಕದ ಬೆನ್ನಿನ ಚೀಟಿಯಲ್ಲಿಯೂ ಇದ್ದು, ಪುಸ್ತಕ ಅದೇ ಜಾಗದಲ್ಲಿದ್ದರೆ ಸಾಕು.

ಊರಿನ ಪುಸ್ತಕಗಳು

ಅಂಗಡಿಯಲ್ಲಿ ದೊರೆಯುವ ಪುಸ್ತಕ ಕಳೆದುಹೋದರೆ ಮತ್ತೆ ಕೊಳ್ಳಬಹುದು. ಶಾಲೆಯ ಸ್ಮರಣ ಸಂಚಿಕೆ, ಜಾತ್ರೆಯ ಕಿರುಹೊತ್ತಗೆ, ಸಹಕಾರ ಸಂಘದ ಹಳೆಯ ವರದಿ, ಊರಿನ ಹಿರಿಯರೊಬ್ಬರು ಸ್ವಂತ ಖರ್ಚಿನಲ್ಲಿ ಅಚ್ಚು ಹಾಕಿಸಿದ ಪದಗಳ ಸಂಗ್ರಹ ಇವು ಕಳೆದುಹೋದರೆ ಹೋದಂತೆಯೇ. ದಾನವಾಗಿ ಬರುವ ಇಂತಹ ಪ್ರಕಟಣೆಗಳು ವಿವರ ದಾಖಲಾಗದೆ ಮೂಲೆ ಸೇರಿ, ಸ್ವಚ್ಛತೆಯ ದಿನ ರದ್ದಿಗೆ ಹೋಗುವ ಅಪಾಯವಿದೆ. ಇವುಗಳ ದಾಖಲೆ ಹೇಗಿರಬೇಕೆಂಬುದಕ್ಕೆ ಕಲ್ಪಿತ ಮಾದರಿಯೊಂದನ್ನು ಇಲ್ಲಿ ನೀಡಲಾಗಿದೆ.

ಶೀರ್ಷಿಕೆ: ಸುವರ್ಣ ಸ್ಮರಣೆ: ನಮ್ಮ ಪ್ರೌಢಶಾಲೆಯ ಐವತ್ತು ವರ್ಷಗಳು
ಹೊಣೆ: ಶಾಲಾ ಸುವರ್ಣ ಮಹೋತ್ಸವ ಸಮಿತಿ (ಸಂಪಾದನೆ)
ಪ್ರಕಟಣೆ: ಅದೇ ಸಮಿತಿ, [1998?]
ಗಾತ್ರ: 112 ಪುಟಗಳು, ಛಾಯಾಚಿತ್ರಗಳು, 24 ಸೆಂ.ಮೀ.
ಟಿಪ್ಪಣಿ: ಪುಟ 41ರಿಂದ 58ರವರೆಗೆ ಬರಗಾಲದ ಬಗ್ಗೆ ಹಿರಿಯರ ನೆನಪುಗಳು, ಪುಟ 70ರಿಂದ 79ರವರೆಗೆ ಊರಿನ ಕೆರೆಯ ಇತಿಹಾಸ. ಕೊನೆಯ ಎರಡು ಹಾಳೆಗಳಿಲ್ಲ.
ವಿಷಯ: ಶಾಲೆಗಳು, ಬರಗಾಲ, ಕೆರೆಗಳು, ಸ್ಥಳೀಯ ಇತಿಹಾಸ
ಸ್ಥಾನ: ಸ್ಥಳೀಯ ಸಂಗ್ರಹ
ಪರಿಗ್ರಹಣ ಸಂಖ್ಯೆ: 1184 (ದಾನ)

ಈ ಮಾದರಿಯಲ್ಲಿ ಟಿಪ್ಪಣಿಯ ಸಾಲು ವಿಶೇಷವಾಗಿ ಗಮನಾರ್ಹ. ಶೀರ್ಷಿಕೆಯನ್ನು ಮಾತ್ರ ಬರೆದಿದ್ದರೆ ಕೆರೆಯ ಗಡಿ ಅಥವಾ ಕಾಲುವೆಯ ಹಳೆಯ ವಿವರ ಹುಡುಕುವವರು ಶಾಲೆಯ ಸಂಚಿಕೆಯನ್ನು ತೆರೆಯುವ ಪ್ರಸಂಗವೇ ಬರುತ್ತಿರಲಿಲ್ಲ. ಪುಸ್ತಕದ ಎತ್ತರವನ್ನು ಸೆಂಟಿಮೀಟರಿನಲ್ಲಿ ಅಳೆದು, ಭಿನ್ನರಾಶಿ ಬಂದರೆ ಮುಂದಿನ ಪೂರ್ಣಾಂಕಕ್ಕೆ ಏರಿಸಿ ಬರೆಯುವುದು ಪದ್ಧತಿ. ಹಾಳೆಗಳು ಇಲ್ಲದಿರುವುದನ್ನು ಮರೆಮಾಚದೆ ಬರೆದುದರಿಂದ ಮುಂದೆ ಆ ಲೋಪಕ್ಕೆ ಓದುಗರನ್ನು ಹೊಣೆ ಮಾಡುವ ಸಂದರ್ಭವೂ ತಪ್ಪುತ್ತದೆ.

ಪತ್ರಕವೋ, ಕಂಪ್ಯೂಟರೋ

ಗ್ರಂಥಾಲಯಗಳಲ್ಲಿ ಬಹುಕಾಲ ಬಳಕೆಯಲ್ಲಿದ್ದ ಸೂಚಿ ಪತ್ರಕದ ಅಳತೆ 12.5 × 7.5 ಸೆಂ.ಮೀ. ಲೇಖಕ, ಶೀರ್ಷಿಕೆ, ವಿಷಯಗಳಿಗೆ ಒಂದೊಂದು ಪತ್ರಕ ಬರೆದು ಅಕಾರಾದಿಯಾಗಿ ಜೋಡಿಸಲಾಗುತ್ತಿತ್ತು. ಕಂಪ್ಯೂಟರ್ ಇರುವಲ್ಲಿ ಒಂದು ದಾಖಲೆ ಮಾಡಿದರೆ ಮೂರೂ ಬಗೆಯಲ್ಲಿ ಹುಡುಕಬಹುದು. ರಾಷ್ಟ್ರೀಯ ಮಾಹಿತಿ ವಿಜ್ಞಾನ ಕೇಂದ್ರವು ರೂಪಿಸಿದ ಇ-ಗ್ರಂಥಾಲಯ ಹಾಗೂ ಮುಕ್ತ ತಂತ್ರಾಂಶವಾದ ಕೋಹಾ ಇದಕ್ಕೆಂದೇ ಇವೆ. ಅವು ಇಲ್ಲದಿದ್ದರೂ ಸಾಮಾನ್ಯ ಕೋಷ್ಟಕದಲ್ಲಿ ಕೆಲಸ ಆರಂಭಿಸಬಹುದು.

ಇಲ್ಲೊಂದು ಎಚ್ಚರಿಕೆ ಅವಶ್ಯ. ಕನ್ನಡದ ವಿವರಗಳನ್ನು ಯೂನಿಕೋಡ್‌ನಲ್ಲಿಯೇ ನಮೂದಿಸಬೇಕು. ಯೂನಿಕೋಡ್ ಅಲ್ಲದ ಹಳೆಯ ಅಕ್ಷರಶೈಲಿಗಳಲ್ಲಿ ಬೆರಳಚ್ಚು ಮಾಡಿದ ದಾಖಲೆಯು ಪರದೆಯ ಮೇಲೆ ಸರಿಯಾಗಿ ಕಂಡರೂ, ಯೂನಿಕೋಡ್‌ನಲ್ಲಿ ಟೈಪ್ ಮಾಡಿ ಹುಡುಕುವವರಿಗೆ ಸಿಗುವುದಿಲ್ಲ. ಬೇರೆ ಕಂಪ್ಯೂಟರಿನಲ್ಲಿ ಅರ್ಥವಾಗದ ಚಿಹ್ನೆಗಳಾಗಿ ಕಾಣಬಹುದು.

ಸದಸ್ಯರು ಗಮನಿಸಬೇಕಾದುದು

ಸೂಚಿಯನ್ನು ಬರೆಯುವುದು ಗ್ರಂಥಾಲಯ ಮೇಲ್ವಿಚಾರಕರ ಕೆಲಸ. ಅದಕ್ಕೆ ಸಮಯ, ಸಾಮಗ್ರಿ ಮತ್ತು ತರಬೇತಿ ದೊರೆಯುವಂತೆ ನೋಡಿಕೊಳ್ಳುವುದು ಪಂಚಾಯತಿಯ ಕೆಲಸ. ದಿನಕ್ಕೆ ಐದು ಪುಸ್ತಕಗಳಂತೆ ದಾಖಲಿಸಿದರೂ 250 ಕೆಲಸದ ದಿನಗಳಲ್ಲಿ 1,250 ಪುಸ್ತಕಗಳ ವಿವರ ಸಿದ್ಧವಾಗುತ್ತದೆ. ಹೊಸದಾಗಿ ಬಂದ ಪುಸ್ತಕ ಸೂಚಿಯನ್ನು ಸೇರಿದ ನಂತರವೇ ಕಪಾಟಿಗೆ ಹೋಗಬೇಕೆಂಬ ನಿಯಮವನ್ನು ಇಂದಿನಿಂದ ಪಾಲಿಸಿದರೆ ಬಾಕಿ ಮತ್ತಷ್ಟು ಬೆಳೆಯುವುದಿಲ್ಲ. ಸ್ಥಳೀಯ ಪ್ರಕಟಣೆಗಳನ್ನು ಮೊದಲು ಕೈಗೆತ್ತಿಕೊಳ್ಳುವುದು ಸೂಕ್ತ.

ಗ್ರಂಥಾಲಯಕ್ಕೆ ಭೇಟಿ ನೀಡುವ ಸದಸ್ಯರು ಸರಳವಾದ ಪರಿಶೀಲನೆಯೊಂದನ್ನು ನಡೆಸಬಹುದು. ಕಪಾಟಿನಿಂದ ಯಾವುದಾದರೂ ಮೂರು ಪುಸ್ತಕಗಳನ್ನು ತೆಗೆದು ಅವು ಸೂಚಿಯಲ್ಲಿವೆಯೇ ಎಂದು ನೋಡುವುದು. ಸೂಚಿಯಿಂದ ಮೂರು ದಾಖಲೆಗಳನ್ನು ಆರಿಸಿ ಆ ಪುಸ್ತಕಗಳು ಕಪಾಟಿನಲ್ಲಿವೆಯೇ ಎಂದು ನೋಡುವುದು. ಕೊನೆಗೆ, ತಮ್ಮ ವಾರ್ಡಿನ ಜನರಿಗೆ ಬೇಕಾದ ಒಂದು ವಿಷಯವನ್ನು ಹೇಳಿ, ಆ ಬಗ್ಗೆ ಇರುವ ಪುಸ್ತಕಗಳನ್ನು ಕೇಳುವುದು. ಈ ಮೂರಕ್ಕೂ ಉತ್ತರ ದೊರೆತರೆ ಪುಸ್ತಕಗಳಿಗೆ ವ್ಯಯವಾದ ಸಾರ್ವಜನಿಕ ಹಣ ಸಾರ್ಥಕವಾದಂತೆ. ದೊರೆಯದಿದ್ದರೆ, ಮುಂದಿನ ಖರೀದಿಯ ಪಟ್ಟಿಯನ್ನು ಸಿದ್ಧಪಡಿಸುವ ಮುನ್ನ ಇರುವ ಪುಸ್ತಕಗಳ ಸೂಚಿಯನ್ನು ಪೂರ್ಣಗೊಳಿಸುವ ವಿಷಯವನ್ನು ಸಾಮಾನ್ಯ ಸಭೆಯ ಕಾರ್ಯಸೂಚಿಗೆ ಸೇರಿಸುವುದು ಉಚಿತ.