ನಾಲ್ಕು ಪೆನ್ನಿಯ ನ್ಯೂಸ್ ಕೊಡಿ!

'ನ್ಯೂಸ್' ಎಂಬ ಇಂಗ್ಲಿಷ್ ನಾಮಪದದ ಕೊನೆಗೊಂದು 'ಎಸ್' ಇದೆ. ಬುಕ್ಸ್, ಪೆನ್ಸ್, ಕೌಸ್ ಎಂದು ಬಾಯಿಪಾಠ ಮಾಡಿದ ಯಾವ ಮಗುವಿಗಾದರೂ ಇದು ಬಹುವಚನ ಅನ್ನಿಸಲೇಬೇಕು. ಅನ್ನಿಸಿ 'ದ ನ್ಯೂಸ್ ಆರ್ ಗುಡ್' ಎಂದು ಬರೆದಿರೋ, ಮೇಷ್ಟ್ರ ಕೆಂಪು ಶಾಯಿ ಬಿತ್ತು: 'ಈಸ್' ಆಗಬೇಕು! ಸರಿ, ಏಕವಚನವೇ ಆಗಲಿ ಎಂದು 'ಐ ಹ್ಯಾವ್ ಎ ನ್ಯೂಸ್' ಎಂದರೆ ಅದೂ ತಪ್ಪು. 'ಎ' ಹಾಕಕೂಡದು, 'ಟೂ ನ್ಯೂಸ್' ಅನ್ನಕೂಡದು, 'ಮೆನಿ ನ್ಯೂಸ್' ಅಂತೂ ಹತ್ತಿರ ಸುಳಿಯಕೂಡದು. ಒಂದೂ ಅಲ್ಲ, ಹಲವೂ ಅಲ್ಲ. ಹಾಗಾದರೆ ಇದೇನು ಮಾರಾಯ್ರೆ?

ವ್ಯಾಕರಣದ ಮೊಂಡಾಟ ಎಂದು ಕೈಬಿಡುವ ಮೊದಲು ಆ ಎಸ್ಸಿನ ಬಾಲ ಹಿಡಿದು ಸ್ವಲ್ಪ ಹಿಂದಕ್ಕೆ ಹೋಗಿ ನೋಡಿ. ಅಬ್ಬಾ, ಎಲ್ಲಿಂದ ಎಲ್ಲಿಗೆ ಎಳೆದೊಯ್ಯುತ್ತದೆ!

ಒಂದು ಕಾಲಕ್ಕೆ ಅದು ನಿಜವಾಗಿ ಬಹುವಚನವೇ ಆಗಿತ್ತು. 'ನ್ಯೂ' ಎಂದರೆ ಹೊಸದು, 'ನ್ಯೂಸ್' ಎಂದರೆ ಹೊಸವು. ಫ್ರೆಂಚರ 'ನುವೆಲ್', ಲ್ಯಾಟಿನ್ನಿನ 'ನೋವಾ' ಎದುರಿಗಿದ್ದವು. ಇಂಗ್ಲಿಷರು ಅದೇ ಅಚ್ಚಿನಲ್ಲಿ ತಮ್ಮದೊಂದನ್ನು ಎರಕ ಹೊಯ್ದುಕೊಂಡರು. ನಾರ್ತ್, ಈಸ್ಟ್, ವೆಸ್ಟ್, ಸೌತ್ ಎಂಬ ನಾಲ್ಕು ದಿಕ್ಕುಗಳ ಮೊದಲಕ್ಷರ ಸೇರಿ ನ್ಯೂಸ್ ಆಯಿತು ಎಂದು ನಮ್ಮ ಶಾಲೆಗಳಲ್ಲಿ ಈಗಲೂ ಹೇಳಿಕೊಡುತ್ತಾರಲ್ಲ, ಅದು ಬರೀ ಚಮತ್ಕಾರ. ಹಳೆಯ ಇಂಗ್ಲಿಷ್ ಪುಸ್ತಕಗಳಲ್ಲಿ ಈ ಪದಕ್ಕೆ ಇನ್ನೊಂದು 'ಇ' ಸೇರಿಸಿ ಬರೆಯುತ್ತಿದ್ದರು. ಐದನೆಯ ದಿಕ್ಕನ್ನು ಎಲ್ಲಿಂದ ತರುವುದು?

ಈಗ ಷೇಕ್ಸ್‌ಪಿಯರ್‌ನ 'ರೋಮಿಯೋ ಅಂಡ್ ಜೂಲಿಯೆಟ್' ತೆರೆಯಿರಿ. ಎರಡನೇ ಅಂಕದಲ್ಲಿ ಜೂಲಿಯೆಟ್ ಚಡಪಡಿಸುತ್ತ ದಾದಿಯನ್ನು ಕೇಳುತ್ತಾಳೆ, ತಂದದ್ದು ಒಳ್ಳೆಯದೋ ಕೆಟ್ಟದ್ದೋ ಎಂದು. ಅವಳ ಬಾಯಲ್ಲಿ ನ್ಯೂಸ್ ಏಕವಚನ, 'ಈಸ್'! ಐದನೇ ಅಂಕಕ್ಕೆ ಬನ್ನಿ. ಜೂಲಿಯೆಟ್ ಸತ್ತಳೆಂಬ ಕೆಟ್ಟ ವಾರ್ತೆ ಹೊತ್ತು ಬಂದ ಸೇವಕ ಬಾಲ್ತಜಾರ್ ಕ್ಷಮೆ ಬೇಡುತ್ತಾನೆ. ಅವನ ಬಾಯಲ್ಲಿ ಅದೇ ಪದ ಬಹುವಚನ, 'ದೀಸ್'! ಒಂದೇ ನಾಟಕ, ಒಂದೇ ಲೇಖನಿ, ಎರಡು ವ್ಯಾಕರಣ. ಇವತ್ತಿನ ಪರೀಕ್ಷೆಯಲ್ಲಿ ಮಹಾಕವಿಗೂ ಅರ್ಧ ಅಂಕ ಕಳೆಯುತ್ತಿದ್ದರು.

ಪದವೊಂದು ಬಹುವಚನದ ದಡ ಬಿಟ್ಟು ಇನ್ನೂ ಆಚೆ ದಡ ಮುಟ್ಟದೆ ನಡುನೀರಿನಲ್ಲಿರುವುದನ್ನು ಹೀಗೆ ಕಣ್ಣಾರೆ ಕಾಣುವುದು ಎಷ್ಟು ಸಲ ಸಿಕ್ಕೀತು! ಆದರೆ ನನ್ನನ್ನು ಕುರ್ಚಿಯಿಂದ ಎಬ್ಬಿಸಿದ್ದು ಷೇಕ್ಸ್‌ಪಿಯರ್ ಅಲ್ಲ, ಅವನ ಗೆಳೆಯ ಬೆನ್ ಜಾನ್ಸನ್.

1620ರ ದಶಕದ ಲಂಡನ್. ಯುರೋಪಿನ ಯುದ್ಧದ ವರದಿಗಳನ್ನು ಅಚ್ಚು ಹಾಕಿ ಮಾರುವ ಹೊಸ ದಂಧೆ ಆಗಷ್ಟೇ ಶುರುವಾಗಿದೆ. 1621ರಲ್ಲಿ ಅಲ್ಲಿ ಅಚ್ಚಾದ ಹಾಳೆಯೊಂದರ ತಲೆಬರಹದಲ್ಲೇ ಇಟಲಿ, ಜರ್ಮನಿ, ಹಂಗೇರಿ, ಸ್ಪೇನ್, ಫ್ರಾನ್ಸ್‌ಗಳ ನ್ಯೂಸ್ ಎಂದಿದೆ. ಈ ವ್ಯಾಪಾರವನ್ನು ಕಂಡು ಜಾನ್ಸನ್ನನಿಗೆ ನಗುವೋ ನಗು. 1626ರಲ್ಲಿ ಅವನು ರಂಗಕ್ಕೆ ತಂದ ನಾಟಕದ ಹೆಸರು 'ದ ಸ್ಟೇಪಲ್ ಆಫ್ ನ್ಯೂಸ್'. 'ಸ್ಟೇಪಲ್' ಎಂದರೆ ಉಣ್ಣೆಯಂಥ ಸರಕಿಗೆ ಸರ್ಕಾರ ಗೊತ್ತುಮಾಡಿದ ಮಂಡಿ. ಜಾನ್ಸನ್ ತೆರೆದದ್ದು ಸುದ್ದಿಯ ಮಂಡಿ! ಅಲ್ಲಿ ಗುಮಾಸ್ತರಿದ್ದಾರೆ, ರಿಜಿಸ್ಟರ್ ಇದೆ, ಮಾಲಿನ ವರ್ಗೀಕರಣವಿದೆ: ಖಚಿತವಾದದ್ದು ಬೇರೆ, ಅನುಮಾನದ್ದು ಬೇರೆ, ಕ್ಷೌರಿಕರ ಅಂಗಡಿಯದು ಬೇರೆ. ಅಲ್ಲಿಗೆ ಹಳ್ಳಿಯ ಹೆಂಗಸೊಬ್ಬಳು ಬರುತ್ತಾಳೆ. ಊರಿನ ಪಾದ್ರಿಗೆ ಒಯ್ಯಬೇಕು, ಯಾವುದಾದರೂ ಆದೀತು, ಒಂದು ಗ್ರೋಟಿನಷ್ಟು ನ್ಯೂಸ್ ಕೊಡಿ ಎನ್ನುತ್ತಾಳೆ. ಗ್ರೋಟ್ ಎಂದರೆ ನಾಲ್ಕು ಪೆನ್ನಿಯ ನಾಣ್ಯ.

ಗಮನಿಸಿದಿರಾ? ಎಷ್ಟು ನ್ಯೂಸ್ ಎಂದು ಅವಳು ಎಣಿಸುತ್ತಿಲ್ಲ, ಅಳೆಯುತ್ತಿದ್ದಾಳೆ! ಸಂತೆಯಲ್ಲಿ ನಾವು ಅಕ್ಕಿಯನ್ನು ಕಾಳೆಣಿಸಿ ಕೊಳ್ಳದೆ ಸೇರಿನಲ್ಲಿ ಕೊಂಡ ಹಾಗೆ. ಇವತ್ತಿನ ವ್ಯಾಕರಣ ಪುಸ್ತಕ ಇಷ್ಟುದ್ದ ಹೇಳುವ ನಿಯಮ ಆ ಹೆಂಗಸಿನ ಬಾಯಲ್ಲಿ ಆಗಲೇ ಕೂತಿದೆ. ಅಳೆಯುವ ಸರಕಿಗೆ 'ಎ' ಬರುವುದಿಲ್ಲ, 'ಟೂ' ಬರುವುದಿಲ್ಲ. 'ಸಮ್ ನ್ಯೂಸ್' ಬರುತ್ತದೆ, 'ಮಚ್ ನ್ಯೂಸ್' ಬರುತ್ತದೆ. ಬಿಡಿಬಿಡಿಯಾಗಿ ಬೇಕೆಂದರೆ ಅಳತೆಯ ಪಾತ್ರೆ ಹಿಡಿಯಿರಿ: 'ಎ ಪೀಸ್ ಆಫ್ ನ್ಯೂಸ್', 'ಟೂ ಪೀಸಸ್ ಆಫ್ ನ್ಯೂಸ್', 'ತ್ರೀ ನ್ಯೂಸ್ ಐಟಮ್ಸ್'. ಅದನ್ನು ಮತ್ತೆ ಸೂಚಿಸುವಾಗಲೂ 'ದೇ' ಅಲ್ಲ, 'ಇಟ್'. ಇಷ್ಟೇ ಗುಟ್ಟು. ಸುದ್ದಿ ಮಾರಾಟದ ಸರಕಾದದ್ದಕ್ಕೂ ಪದ ಎಣಿಕೆ ಬಿಟ್ಟು ಅಳತೆಗೆ ಬಂದದ್ದಕ್ಕೂ ನಂಟಿದೆ ಎಂದು ನನಗಂತೂ ಅನ್ನಿಸುತ್ತದೆ. ಪಂಡಿತರು ಒಪ್ಪದಿದ್ದರೆ ಬೇಡ.

ನಮ್ಮ ಭಾಷೆಗೆ ಈ ರಗಳೆಯೇ ಇಲ್ಲ. 1843ರಲ್ಲಿ ಮೋಗ್ಲಿಂಗ್ ಹೊರಡಿಸಿದ ಮೊದಲ ಕನ್ನಡ ಪತ್ರಿಕೆ 'ಮಂಗಳೂರ ಸಮಾಚಾರ'ದ ಹೆಸರಿನಲ್ಲಿ 'ಗಳು' ಇಲ್ಲ, ಒಳಗೆ ಸಮಾಚಾರ ಹಲವು. 'ಎರಡು ಸುದ್ದಿ ಇದೆ' ಎಂದರೆ ಯಾರೂ ತಿದ್ದುವುದಿಲ್ಲ. ಆ ಸಲಿಗೆಯಲ್ಲೇ 'ನಿಂಗೆ ಎರಡು ನ್ಯೂಸ್ ಇದೆ ಕಣೋ, ಒಂದು ಗುಡ್ಡು, ಒಂದು ಬ್ಯಾಡು' ಎನ್ನುತ್ತೇವೆ. ಕನ್ನಡದೊಳಗೆ ಅದು ಪಕ್ಕಾ ಸರಿ. ಅದೇ ವಾಕ್ಯವನ್ನು ಹಾಗೇ ಇಂಗ್ಲಿಷಿಗೆ ಎತ್ತಿಟ್ಟಾಗಲೇ ಕೆಂಪು ಶಾಯಿ.

ಇಂಗ್ಲಿಷರು ಮಾತ್ರ ಬಹಳ ದಿನ ಹಗ್ಗ ಜಗ್ಗಿದರು. ವಿಕ್ಟೋರಿಯಾ ರಾಣಿ 1861ರಲ್ಲೂ ಒಂದು ಪತ್ರದಲ್ಲಿ ನ್ಯೂಸ್‌ಗೆ 'ಆರ್' ಹಚ್ಚಿದ್ದಾಳೆ. ನ್ಯೂಯಾರ್ಕಿನ 'ಟ್ರಿಬ್ಯೂನ್' ಪತ್ರಿಕೆಯ ಸಂಪಾದಕ ಹೊರೇಸ್ ಗ್ರೀಲಿಗೆ ಇದು ಬಹುವಚನವೇ ಎಂಬ ಹಠವಿತ್ತಂತೆ. 'ಆರ್ ದೇರ್ ಎನಿ ನ್ಯೂಸ್?' ಎಂದು ವರದಿಗಾರನಿಗೆ ತಂತಿ ಕೊಟ್ಟನಂತೆ. ಉತ್ತರ ಬಂತಂತೆ: 'ನಾಟ್ ಎ ನ್ಯೂ'! ಈ ಕಥೆ ನಡೆದಿರಲಿ ಬಿಡಲಿ, ಆ ಎಸ್ಸನ್ನು ಕಿತ್ತರೆ ಪದವೇ ಉಳಿಯುವುದಿಲ್ಲ ಎಂಬುದಕ್ಕೆ ಇದಕ್ಕಿಂತ ಚೆಂದದ ಪಾಠ ನಾನು ಕಂಡಿಲ್ಲ.

ಇನ್ನು ಈ ನಾಮಪದ ಸೇರಿರುವ ವಾಕ್ಯಗಳಲ್ಲೆಲ್ಲ ನನಗೆ ರೋಮಾಂಚನ ಹುಟ್ಟಿಸುವುದು ಒಂದೇ ಒಂದು. 1930ರ ಏಪ್ರಿಲ್ 18, ಗುಡ್ ಫ್ರೈಡೇ. ರಾತ್ರಿ ಎಂಟೂ ಮುಕ್ಕಾಲಿನ ವಾರ್ತೆಗೆಂದು ಬ್ರಿಟನ್ನಿನ ಜನ ರೇಡಿಯೋ ಮುಂದೆ ಕೂತಿದ್ದಾರೆ. ಬಿಬಿಸಿಯ ಉದ್ಘೋಷಕ ಹೇಳಿದ: 'ದೇರ್ ಈಸ್ ನೋ ನ್ಯೂಸ್.' ಉಳಿದ ಹೊತ್ತಿಗೆ ಪಿಯಾನೋ ಹಾಕಿದರು. ಇವತ್ತಿನ ಬ್ರೇಕಿಂಗ್ ನ್ಯೂಸ್ ಚಾನೆಲ್ಲುಗಳವರಿಗೆ ಕೇಳಿದರೆ ಎದೆ ಒಡೆದೀತು! 'ಆರ್' ಇಲ್ಲ, 'ಈಸ್' ಇದೆ. ವಾಕ್ಯದಲ್ಲಿ ಬೆರಳಿಟ್ಟು ತೋರಿಸುವ ತಪ್ಪು ಒಂದೂ ಇಲ್ಲ.

ಆದರೆ ಆ ತಾರೀಖನ್ನು ಇನ್ನೊಮ್ಮೆ ಓದಿ. ಐದು ದಿನ ಹಿಂದಷ್ಟೇ ನಮ್ಮ ಅಂಕೋಲಾದಲ್ಲಿ ಉಪ್ಪಿನ ಸತ್ಯಾಗ್ರಹ ಶುರುವಾಗಿತ್ತು. ಏಪ್ರಿಲ್ 18ರ ಅದೇ ರಾತ್ರಿ, ಲಂಡನ್ನಿನಲ್ಲಿ ಇನ್ನೂ ಸಂಜೆ ಇರುವಾಗಲೇ, ಬಂಗಾಳದ ಚಿತ್ತಗಾಂಗ್‌ನಲ್ಲಿ ಸೂರ್ಯ ಸೇನ್ ಮತ್ತು ಸಂಗಡಿಗರು ಬ್ರಿಟಿಷರ ಶಸ್ತ್ರಾಗಾರಕ್ಕೆ ನುಗ್ಗಿದ್ದರು. ಬಿಬಿಸಿ ಬಾಯಿ ತೆರೆಯುವ ಹೊತ್ತಿಗೆ ಆ ದಾಳಿ ಶುರುವಾಗಿ ಗಂಟೆಗಳೇ ಕಳೆದಿದ್ದವು. ಊರಿನ ಟೆಲಿಫೋನ್, ಟೆಲಿಗ್ರಾಫ್ ಕಚೇರಿಯನ್ನು ಕ್ರಾಂತಿಕಾರಿಗಳು ಒಡೆದುಹಾಕಿದ್ದರು.