ಕಾಶಿಯಿಂದ ತಂದ ಪಟ್ಟೆಕಲ್ಲು ಯಾವುದು?



ಕಾಶಿಯಾತ್ರೆಗೆ ಹೋದವರು ಗಂಗಾಜಲದ ಜತೆ ಒಂದು ಕಲ್ಲನ್ನೂ ತರುವುದುಂಟು. ಜಂಗಮವಾಡಿ ಮಠದಲ್ಲೋ ಹನುಮಾನ್ ಘಾಟಿನ ಆಸುಪಾಸಿನಲ್ಲೋ ಇಳಿದುಕೊಂಡು, ಬೆಳಗಿನ ಸ್ನಾನಕ್ಕೆ ಹೋದಾಗ ಮೆಟ್ಟಿಲ ಬುಡದಲ್ಲಿ ಹೆಕ್ಕಿದ್ದು. ಇಲ್ಲವೇ ಗಲ್ಲಿಯ ಅಂಗಡಿಯಲ್ಲಿ ‘ಬಾಣಲಿಂಗ’ ಎಂದು ಕೊಂಡದ್ದು. ಕೆಂಪು, ಕಂದು, ಬಿಳಿ ಪಟ್ಟೆಗಳು. ಚಾಕುವಿಗೂ ಜಗ್ಗದ ಗಟ್ಟಿತನ. ಊರಿಗೆ ಬಂದ ಮೇಲೆ ಪ್ರಶ್ನೆ: ಇದೇನು ಕಲ್ಲು? ಕೊಟ್ಟ ದುಡ್ಡಿಗೆ ತಕ್ಕದ್ದೇ?

ಸುಣ್ಣದ ಕಂಕರ ಗಂಟುಗಳನ್ನು ಬಿಟ್ಟರೆ ಕಾಶಿಯ ನೆಲಕ್ಕೆ ತನ್ನದೇ ಕಲ್ಲಿಲ್ಲ. ಊರು ನಿಂತಿರುವುದು ಗಂಗೆ ತಂದು ಹಾಸಿದ ಮೆಕ್ಕಲಿನ ಮೇಲೆ. ಹತ್ತಿರದ ಬಂಡೆ ಎಂದರೆ ಚುನಾರದ ಮರಳುಗಲ್ಲು. ಸಾರನಾಥದ ಅಶೋಕನ ಸಿಂಹಗಳನ್ನು ಕಡೆದದ್ದು ಅದರಲ್ಲೇ. ಹಾಗಾಗಿ ನಿಮ್ಮ ಪಟ್ಟೆಕಲ್ಲು ಹೊರಗಿನದು. ಬಾಂದಾದಲ್ಲಿ ಅಗೇಟ್ ಕಲ್ಲಿಗೆ ಹೆಸರಾದ ಕೇನ್ ನದಿ ಯಮುನೆಗೆ, ಯಮುನೆ ಪ್ರಯಾಗದಲ್ಲಿ ಗಂಗೆಗೆ ಸೇರುತ್ತದೆ, ನಿಜ. ಆದರೂ ಮುಷ್ಟಿಗಾತ್ರದ ಕಲ್ಲು ಅಷ್ಟು ದೂರ ನೀರಿನಲ್ಲಿ ಬರುವುದಕ್ಕಿಂತ ಮನುಷ್ಯರ ಕೈಯಿಂದ, ಅದರಲ್ಲೂ ನರ್ಮದೆಯಿಂದ, ಬಂದಿರುವ ಸಂಭವವೇ ಹೆಚ್ಚು.

ಈಗ ಪರೀಕ್ಷೆ. ಕಲ್ಲಿನ ಮೂಲೆಯಿಂದ ಹಳೆಯ ಗಾಜಿನ ಬಾಟಲಿಯನ್ನು ಗೀರಿ. ಒರೆಸಿದರೂ ಗೀರು ಹೋಗದಿದ್ದರೆ ಕಲ್ಲು ಗಾಜಿಗಿಂತ ಗಟ್ಟಿ. 1812ರಲ್ಲಿ ಜರ್ಮನಿಯ ಫ್ರೀಡ್ರಿಕ್ ಮೋಸ್ ರೂಪಿಸಿದ ಕಾಠಿಣ್ಯದ ಅಳತೆಯಲ್ಲಿ (ಹೆಸರು ಹಾಗಿದ್ದರೂ ಅಳತೆಯಲ್ಲಿ ಮೋಸವಿಲ್ಲ!) ಗಾಜು ಸುಮಾರು 5.5, ಬೆಣಚುಕಲ್ಲು 7, ಅಮೃತಶಿಲೆ ಬರೀ 3. ಬಣ್ಣ ಕುಡಿಸಿದ ಅಮೃತಶಿಲೆ ಇಲ್ಲೇ ಸಿಕ್ಕಿಬೀಳುತ್ತದೆ.

ಆದರೆ ಗಾಜನ್ನು ಗೀರಿದ್ದೆಲ್ಲ ಒಂದೇ ಕಲ್ಲಲ್ಲ. ಮರಳುಗಲ್ಲಿನ ಕಣವೂ ಬೆಣಚೇ, ಅದೂ ಗೀರುತ್ತದೆ. ಭೂತಗನ್ನಡಿ ಹಿಡಿದು ನೋಡಿ. ಮರಳಿನ ಕಣಗಳು ಒಂದಕ್ಕೊಂದು ಅಂಟಿದಂತೆ ಕಂಡರೆ ಮರಳುಗಲ್ಲು. ಕಪ್ಪು, ಬಿಳಿ ಹರಳುಗಳು ಸಾಲುಗಟ್ಟಿದ್ದರೆ ನೈಸ್, ಅಂದರೆ ನಮ್ಮ ಲಾಲ್‌ಬಾಗ್ ಬಂಡೆಯ ಜಾತಿ. ಆ ಬಂಡೆಗೆ ಸುಮಾರು 300 ಕೋಟಿ ವರ್ಷ. ಗಾತ್ರಕ್ಕೆ ಮೀರಿದ ಭಾರವಿದ್ದು, ಟೈಲಿನ ಒರಟು ಹಿಂಬದಿಗೆ ಉಜ್ಜಿದಾಗ ಕೆಂಪುಗಂದು ಗೆರೆ ಬಿದ್ದರೆ ಅದು ಸಂಡೂರಿನ ಕಬ್ಬಿಣದ ಅದಿರಿನ ಬಂಧು.

ಕಣವೇ ಕಾಣದೆ ಮೇಣದಂಥ ಹೊಳಪಿದ್ದು, ತೆಳು ಅಂಚಿನಲ್ಲಿ ಟಾರ್ಚ್ ಬೆಳಕು ಹಾಯ್ದರೆ ಅಗೇಟ್. ಅಂಗಡಿಯವರ ಬಾಯಲ್ಲಿ ಹಕೀಕ್. ಸುಮಾರು 6.6 ಕೋಟಿ ವರ್ಷಗಳ ಹಿಂದೆ ದಖ್ಖನ್ನಿನಲ್ಲಿ ಹರಿದ ಲಾವಾ ಆರುವಾಗ ಉಳಿದ ಗುಳ್ಳೆಗಳೊಳಗೆ ಸಿಲಿಕಾ ಬೆರೆತ ನೀರು ಇಳಿಯಿತು. ಬಿಸಿನೀರಿನ ಹಂಡೆಯ ಒಳಗೆ ಪದರ ಕಟ್ಟುವ ಹಾಗೆ ಒಂದರ ಮೇಲೊಂದು ಪಟ್ಟೆ ಕೂತಿತು. ಬೆಳಕು ಹಾಯದಿದ್ದರೆ ಜಾಸ್ಪರ್ ಎನ್ನಿ. ನರ್ಮದೆಯ ಪಟ್ಟೆಯ ಬಾಣಲಿಂಗಗಳು ಹೆಚ್ಚಾಗಿ ಈ ಬಳಗದವು.

ಇನ್ನು ದುಡ್ಡಿನ ಮಾತು. ಎರಡೂ ತುದಿ ಒಂದೇ ಸಮ, ಮೈಯೆಲ್ಲ ಕನ್ನಡಿಯಂತಿದ್ದರೆ ಅದು ನರ್ಮದಾ ತೀರದ ಕುಶಲಕರ್ಮಿಗಳು ಕಡೆದು ಉಜ್ಜಿದ್ದು. ಕಲ್ಲು ಅಸಲಿಯೇ, ಕೆಲಸವೂ ಚೆಂದ. ‘ನದಿಯೇ ಕಡೆದದ್ದು’ ಎಂಬ ಮಾತಿಗೆ ಮಾತ್ರ ಹೆಚ್ಚುವರಿ ಹಣ ಎಣಿಸಬೇಡಿ. ಪೂಜೆಯಲ್ಲಿರುವ ಲಿಂಗವಾದರೆ ಗೀರುವ, ಉಜ್ಜುವ ಗೋಜಿಗೆ ಹೋಗದೆ ಭೂತಗನ್ನಡಿ, ಟಾರ್ಚ್‌ಗಳಲ್ಲೇ ಮುಗಿಸಿ. ಅಷ್ಟಕ್ಕೂ ಅನುಮಾನ ಉಳಿದರೆ ಹತ್ತಿರದ ಕಾಲೇಜಿನ ಭೂವಿಜ್ಞಾನ ಅಧ್ಯಾಪಕರಿಗೆ ತೋರಿಸಿ; ಎಲ್ಲಿ ಸಿಕ್ಕಿತು ಎಂಬುದನ್ನು ಚೀಟಿಯಲ್ಲಿ ಬರೆದು ಒಯ್ಯಿರಿ, ಅವರು ಮೊದಲು ಕೇಳುವುದೇ ಅದನ್ನು.